ಬೆನ್ನು ತೋರಿಸೋಕೆ ಹೋಗುವ ಮುಂಚೆ

ಎತ್ತಿನ ಹೆಗಲಿಗೆ ಬಾವು ಬಂದರೆ ಅವತ್ತೇ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗುತ್ತೇವೆ. ನಮ್ಮ ಸೊಂಟ ಹಿಡಿದರೆ ಮಾತ್ರ ಮುಲಾಮು ತಿಕ್ಕಿಸಿಕೊಂಡು, ಮೆಡಿಕಲ್ ಸ್ಟೋರಿಂದ ಎರಡು ನೋವಿನ ಮಾತ್ರೆ ತರಿಸಿ ನುಂಗಿ, ಬೆಳಗಾದರೆ ಮತ್ತೆ ಕುಂಟೆ ಹಿಂದೆ ನಿಲ್ಲುತ್ತೇವೆ. ನಮ್ಮ ಪಾವಗಡ ಸೀಮೆಯಲ್ಲಿ ಕಡ್ಲೆಕಾಯಿ ಕಿತ್ತು ಮುಗಿದ ಮೇಲೆ ಯಾವ ಬೀದಿಗೆ ಹೋದರೂ ಗೋಡೆ ಹಿಡಿದು ಏಳುವವರು ನಾಲ್ಕು ಜನ ಸಿಗುತ್ತಾರೆ. ಗಂಡಸರಿಗಿಂತ ಹೆಂಗಸರೇ ಜಾಸ್ತಿ. ಇಡೀ ದಿನ ಬಗ್ಗಿ ಗಿಡ ಕೀಳುವುದು ಅವರೇ ತಾನೆ.

ಮುಂಚೆ ಇದಕ್ಕೆ ಊರಲ್ಲೇ ಉಪಾಯ ಇತ್ತು. ಕಾಲು ಮುಂದಾಗಿ ಹುಟ್ಟಿದವರನ್ನು ಕರೆದು ಬೆನ್ನ ಮೇಲೆ ಕಾಲಲ್ಲಿ ಒದೆಸಿಕೊಳ್ಳುವುದು, ಉಳುಕು ತೆಗೆಸುವುದು, ಎಣ್ಣೆ ಹಾಕಿ ನೀವಿಸುವುದು. ಮೂಳೆ ಮುರಿದರೆ ಪುತ್ತೂರು ಕಟ್ಟು. (ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು.) ಈಗ ಮೊಬೈಲಿನಲ್ಲಿ ಹೊಸದೊಂದು ಬಂದಿದೆ. ಮಂಚದ ಮೇಲೆ ಮಲಗಿಸಿ, ಹೆಗಲು ಒಂದು ಕಡೆ ಸೊಂಟ ಒಂದು ಕಡೆ ತಿರುಗಿಸಿ 'ಟಕ್' ಅನ್ನಿಸುತ್ತಾರೆ, ಮಲಗಿದ್ದವನು ನಗುತ್ತಾ ಎದ್ದು ಕೂರುತ್ತಾನೆ. ಇದನ್ನು ಮಾಡುವವರಿಗೆ ಕೈರೋಪ್ರಾಕ್ಟರ್ ಅಂತಾರೆ. ನಮ್ಮ ಹುಡುಗರು ಅದನ್ನು ನೋಡಿ "ಅಪ್ಪಾ, ನಿನ್ನ ಬೆನ್ನಿಗೂ ಹೀಗೆ ಮಾಡಿಸೋಣ" ಅಂತ ಶುರು ಮಾಡಿದ್ದಾರೆ. ಬೆಂಗಳೂರಲ್ಲಿ ಇಂಥವರು ಇದ್ದಾರೆ. ನನ್ನ ಭಾಮೈದನ ಮಗ ಅಲ್ಲೇ ಕೆಲಸದಲ್ಲಿರುವುದರಿಂದ ನಾನೂ, ನಮ್ಮ ದೊಡ್ಡಪ್ಪನ ಮಗ ಅಣ್ಣನೂ ಹೋಗಿ ಬಂದೆವು. ಮೊದಲ ಸಲ ಹೋಗುವವರಿಗೆ ಅಲ್ಲಿ ಏನು ನಡೆಯುತ್ತೆ, ನಾವು ಏನು ಹೇಳಬೇಕು ಅನ್ನೋದನ್ನ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ, ಓದಿದ್ದು ಏಳನೇ ಕ್ಲಾಸು. ಕಣ್ಣಾರೆ ಕಂಡದ್ದು, ತಿಳಿದವರನ್ನು ಕೇಳಿಕೊಂಡದ್ದು ಇಷ್ಟೇ ಬರೆಯುತ್ತಿರುವುದು.

ಈ ವಿದ್ಯೆ ಎಲ್ಲಿಯದು

ಕೈರೋ ಅನ್ನುವ ಮಾತಲ್ಲಿ ನಮ್ಮ ಕನ್ನಡದ ಕೈ ಕಂಡರೂ ಅದು ಗ್ರೀಕ್ ಮಾತಂತೆ. ಅಲ್ಲೂ ಅರ್ಥ ಕೈ ಅಂತಲೇ. ಕೈಯಿಂದ ಮಾಡುವ ಕೆಲಸ ಅಂತ. ಅಮೆರಿಕಾದ ಅಯೋವಾ ರಾಜ್ಯ ಮೆಕ್ಕೆಜೋಳದ ಸೀಮೆ. ಅಲ್ಲಿಯ ಡೇವನ್‌ಪೋರ್ಟ್ ಊರಲ್ಲಿ ಡಿ.ಡಿ. ಪಾಮರ್ ಅನ್ನುವವನು 1895ರಲ್ಲಿ ಇದನ್ನು ಶುರು ಮಾಡಿದ. ಕಿವಿ ಕೇಳದ ಒಬ್ಬ ಜಾಡಮಾಲಿಯ ಬೆನ್ನುಮೂಳೆ ಒತ್ತಿದೆ, ಅವನಿಗೆ ಕಿವಿ ಕೇಳಿಸಿತು ಅಂತ ಅವನು ಹೇಳಿಕೊಂಡ. ಬೆನ್ನಿಗೂ ಕಿವಿಗೂ ಏನು ನಂಟು ಅಂತ ವೈದ್ಯರು ಇವತ್ತಿಗೂ ಕೇಳುತ್ತಾರೆ. ಬಹುಪಾಲು ರೋಗಕ್ಕೆ ಬೆನ್ನುಮೂಳೆ ಜಾರಿರುವುದೇ ಕಾರಣ ಅನ್ನುವುದು ಅವನ ವಾದ. ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ ಅಂತ 1906ರಲ್ಲಿ ಅವನನ್ನು ಜೈಲಿಗೂ ಹಾಕಿದ್ದರು. ಆಮೇಲೆ ಕಾಲೇಜುಗಳು ಬೆಳೆದವು, ಕಾನೂನು ಬಂತು, 1974ರ ಹೊತ್ತಿಗೆ ಅಮೆರಿಕಾದ 50 ರಾಜ್ಯಗಳಲ್ಲೂ ಲೈಸೆನ್ಸ್ ಸಿಕ್ಕಿತು.

ನಮ್ಮ ದೇಶದಲ್ಲಿ ಹಾಗಿಲ್ಲ. ಡಾಕ್ಟರಿಗೆ, ನರ್ಸಿಗೆ ಇರುವಂಥ ಕಾನೂನಿನ ಕೌನ್ಸಿಲ್ ಇಲ್ಲಿ ಇವರಿಗೆ ಇಲ್ಲ. ಹೊರದೇಶದಲ್ಲಿ ನಾಲ್ಕೈದು ವರ್ಷ ಓದಿ ಬಂದವರೂ ಇದೇ ಬೋರ್ಡು ಹಾಕುತ್ತಾರೆ, ಎರಡು ತಿಂಗಳು ಎಲ್ಲೋ ಕಲಿತು ಬಂದವರೂ ಇದೇ ಬೋರ್ಡು ಹಾಕುತ್ತಾರೆ. ಹಾಗಾಗಿ ನೀವು ಮೊದಲು ಕೇಳಬೇಕಾದ್ದು "ಎಲ್ಲಿ ಓದಿದ್ದು, ಎಷ್ಟು ವರ್ಷ ಓದಿದ್ದು" ಅಂತ. ಬಿತ್ತನೆ ಬೀಜ ತರುವಾಗ ಚೀಲದ ಮೇಲಿನ ಚೀಟಿ ನೋಡುವುದಿಲ್ಲವೇ, ಇದೂ ಹಾಗೆ. ಸರಿಯಾಗಿ ಓದಿದವರು ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲ ದಿನ

ನಾವು ಹೋದ ಕಡೆ ಮೊದಲು ಒಂದು ಫಾರಂ ಕೊಟ್ಟರು. ಇಂಗ್ಲಿಷಿನಲ್ಲಿತ್ತು, ಹುಡುಗ ತುಂಬಿದ. ಓದು ಬರೆಹ ಬಲ್ಲವರೊಬ್ಬರು ಜೊತೆಗಿರಲಿ. ಆಮೇಲೆ ಒಳಗೆ ಕರೆದು ಅರ್ಧ ಗಂಟೆ ಬರೀ ಪ್ರಶ್ನೆ. ಅಣ್ಣನಿಗೆ ಸಿಟ್ಟು ಬಂತು. "ನೋವು ತೆಗೀರಿ ಅಂತ ಬಂದರೆ ನನ್ನ ಪೂರ್ವೋತ್ತರ ಕೇಳ್ತಾ ಕೂತವ್ರಲ್ಲ" ಅಂದ. ಆದರೆ ಆ ಅರ್ಧ ಗಂಟೆಯೇ ಮುಖ್ಯ ಅಂತ ನನಗೆ ಅನ್ನಿಸಿದ್ದು ಆಮೇಲೆ ಅಣ್ಣನ ವಿಷಯದಲ್ಲೇ.

ನೋವು ಯಾವಾಗ ಶುರುವಾಯಿತು, ಏನು ಕೆಲಸ ಮಾಡುವಾಗ? ಸೊಂಟದಲ್ಲೇ ನಿಲ್ಲುತ್ತೋ, ತೊಡೆ ಮೀನಖಂಡ ದಾಟಿ ಪಾದದವರೆಗೆ ಇಳಿಯುತ್ತೋ? ಕೆಮ್ಮಿದರೆ, ಸೀನಿದರೆ ಸೆಳೆಯುತ್ತಾ? ಕೆಮ್ಮಿದಾಗ ಕಾಲಿಗೆ ಸೆಳೆದರೆ ಮಣಿಗಳ ನಡುವಿನ ಡಿಸ್ಕು ನರ ಒತ್ತಿರಬಹುದು ಅಂತ ಅವರ ಲೆಕ್ಕ. ಡಿಸ್ಕು ಅಂದರೆ ನಮ್ಮ ಪಂಪಿನ ವಾಷರ್ ಇದ್ದ ಹಾಗೆ ಅಂದುಕೊಳ್ಳಿ. ರಾತ್ರಿ ಮಲಗಿದ ಮೇಲೂ ನೋವು ಬಿಡುವುದಿಲ್ಲವಾ? ಜ್ವರ ಬರುತ್ತಾ, ತೂಕ ಇಳಿದಿದೆಯಾ? ಬಿ.ಪಿ., ಶುಗರ್ ಇದೆಯಾ? ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದೀರಾ? ಹಿಂದೆ ಮರದಿಂದ, ಗಾಡಿಯಿಂದ ಬಿದ್ದದ್ದಿದೆಯಾ?

ಇನ್ನೊಂದು ಪ್ರಶ್ನೆಗೆ ನಮ್ಮ ಜನ, ಅದರಲ್ಲೂ ಹೆಂಗಸರು, ನಾಚಿಕೊಂಡು ಸುಮ್ಮನಾಗುತ್ತಾರೆ. ಮೂತ್ರ ಸರಿಯಾಗಿ ಹೋಗುತ್ತಾ, ತಿಳಿಯದೆ ಹೋಗುತ್ತಾ, ಕಟ್ಟಿಕೊಳ್ಳುತ್ತಾ? ತೊಡೆ ಸಂದಿ, ಕೂರುವ ಜಾಗ ಜೋಮು ಹಿಡಿದಿದೆಯಾ? ಸೊಂಟ ನೋವಿನ ಜೊತೆ ಇದರಲ್ಲಿ ಒಂದು ಇದ್ದರೂ, ಇಲ್ಲವೇ ಕಾಲಲ್ಲಿ ಬಲ ಇಳಿಯುತ್ತಾ ಇದ್ದರೂ, ಕೈರೋಪ್ರಾಕ್ಟರೂ ಬೇಡ ನಾಟಿ ವೈದ್ಯರೂ ಬೇಡ. ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ನರಗಳ ಗೊಂಚಲೇ ಒತ್ತಿಹೋಗಿರುತ್ತೆ. ತಡ ಮಾಡಿದರೆ ಮೂತ್ರದ ಹಿಡಿತ ಮತ್ತೆ ಬಾರದೇ ಹೋಗಬಹುದು. ನಾಚಿಕೆ ಬಿಟ್ಟು ಹೇಳಿ. ಮನೆಯ ಹೆಂಗಸರಿಗೂ ಈ ಮಾತು ತಿಳಿಸಿ.

ಪ್ರಶ್ನೆ ಮುಗಿದ ಮೇಲೆ ಪರೀಕ್ಷೆ. ಅಂಗಿ ತೆಗೆಸಿ ನಿಲ್ಲಿಸಿದರು, ಬಗ್ಗಿಸಿದರು, ಪಕ್ಕಕ್ಕೆ ವಾಲಿಸಿದರು. ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ಬೆರಳ ಮೇಲೆ ನಾಲ್ಕು ಹೆಜ್ಜೆ ನಡೆಸಿದರು. ಮಲಗಿಸಿ ಮಂಡಿ ಮಡಿಸದೆ ಒಂದೊಂದೇ ಕಾಲು ಮೇಲೆತ್ತಿದರು. ಎಷ್ಟು ಎತ್ತಿದಾಗ ಕಾಲಿಗೆ ನೋವು ಸೆಳೆಯುತ್ತೆ ಅಂತ ನೋಡುವುದು. ರಬ್ಬರ್ ಸುತ್ತಿಗೆಯಲ್ಲಿ ಮಂಡಿ, ಹಿಮ್ಮಡಿ ಹತ್ತಿರ ತಟ್ಟಿದರು. ಪಾದ ಮುಟ್ಟಿ "ಗೊತ್ತಾಗುತ್ತಾ ಯಜಮಾನ್ರೇ" ಅಂತ ಕೇಳಿದರು. ಸಡಿಲವಾದ ಚಡ್ಡಿ, ಪಂಚೆ ಉಟ್ಟು ಹೋದರೆ ಅನುಕೂಲ. ಹೆಂಗಸರು ಜೊತೆಗೆ ಮನೆಯವರನ್ನು ಒಳಗೆ ಕರೆದುಕೊಂಡು ಹೋಗಬಹುದು, ಬೇಡ ಅನ್ನುವ ಹಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಅವರು ಏನು ಕಂಡಿತು, ಏನು ಮಾಡುತ್ತೇವೆ, ಅದರಿಂದ ಏನು ತೊಂದರೆ ಆಗಬಹುದು ಅಂತ ಹೇಳಿ ನಮ್ಮ ಒಪ್ಪಿಗೆ ಕೇಳಬೇಕು. ಕೇಳದೆ, ಮುಟ್ಟಿ ನೋಡದೆ, ಒಳಗೆ ಹೋದ ಕೂಡಲೆ ಮಲಗಿಸಿ ಟಕ್ ಅನ್ನಿಸಲು ಬರುವವರ ಮಂಚದಿಂದ ಎದ್ದು ಬನ್ನಿ. ಕೊಟ್ಟ ದುಡ್ಡು ಹೋದರೆ ಹೋಗಲಿ.

ಅವರು ಕೇಳದ್ದನ್ನು ನಾವು ಹೇಳಬೇಕು

ಇಷ್ಟು ಪ್ರಶ್ನೆ ಕೇಳಿದವರೂ ಒಂದು ಮಾತು ಕೇಳಲಿಲ್ಲ. ಯಾವ ನೀರು ಕುಡಿಯುತ್ತೀರಿ ಅಂತ. ಬೆಂಗಳೂರಲ್ಲಿ ಕೂತವರಿಗೆ ಅದು ಹೊಳೆಯುವುದಿಲ್ಲ. ನಾನೇ ಹೇಳಿದೆ: "ಸ್ವಾಮಿ, ನಮ್ಮದು ಪಾವಗಡ, ಮೂವತ್ತು ವರ್ಷ ಬೋರ್‌ವೆಲ್ ನೀರು ಕುಡಿದಿದ್ದೇವೆ, ಫ್ಲೋರೈಡ್ ನೀರು." ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ನಮ್ಮ ಹಲ್ಲು ನೋಡಿದರು. ಇಬ್ಬರಿಗೂ ಎಕ್ಸ್‌ರೇ ಬರೆದುಕೊಟ್ಟರು. ಅವತ್ತು ಯಾರ ಬೆನ್ನಿಗೂ ಕೈ ಹಾಕಲಿಲ್ಲ.

ಪಾವಗಡ ಮಾತ್ರವಲ್ಲ, ಬೋರ್‌ವೆಲ್ ಆಳಕ್ಕೆ ಇಳಿದ ಬಯಲುಸೀಮೆಯ ಎಷ್ಟೋ ಕಡೆ ಇದೇ ಕಥೆ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತೆ ಅಂತ ನಮ್ಮ ದೇಶದ ಮಟ್ಟ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಚಿಕ್ಕಂದಿನಲ್ಲಿ ಹಲ್ಲು ಕಂದು ಪಟ್ಟೆಯಾಗುತ್ತೆ. ದೊಡ್ಡವರಲ್ಲಿ ಅದು ಮೂಳೆ ಸೇರುತ್ತೆ. ಎಲುಬು ದಪ್ಪ ಆಗುತ್ತೆ, ಆದರೆ ಗಟ್ಟಿಯಲ್ಲ, ಪೆಡಸು. ಮಣಿಗಳನ್ನು ಹಿಡಿದಿಟ್ಟ ನಾರು ಕೂಡ ಸುಣ್ಣಗಟ್ಟಿ ಎಲುಬಿನಂತೆ ಆಗುತ್ತೆ. ಬೆನ್ನು ಒಂದೇ ಬಿದಿರುಗಳು ನಿಂತ ಹಾಗೆ ಸೆಟೆಯುತ್ತೆ. ಇಂಥ ಬೆನ್ನನ್ನು ತಿರುಗಿಸಿ ಟಕ್ ಅನ್ನಿಸಲು ಹೋದರೆ ಗತಿ ಏನು, ಒಣಗಿದ ತೊಗರಿ ಕಟ್ಟಿಗೆ ಬಗ್ಗಿಸಿ ನೋಡಿದವರಿಗೆ ನಾನು ಹೇಳಬೇಕಿಲ್ಲ.

ಮನೆಯಲ್ಲೇ ನೋಡಿಕೊಳ್ಳುವ ಮೂರು ಪರೀಕ್ಷೆ ಇವೆ. ಫ್ಲೋರೈಡ್ ಸರ್ವೆಗೆ ಬರುವವರು ಇವನ್ನೇ ಮಾಡಿಸುತ್ತಾರೆ. ಮಂಡಿ ಮಡಿಸದೆ ಬಗ್ಗಿ ನೆಲದ ಮೇಲಿನ ಒಂದು ರೂಪಾಯಿ ನಾಣ್ಯ ಎತ್ತಬೇಕು. ಗದ್ದ ಎದೆಗೆ ಮುಟ್ಟಬೇಕು. ಎರಡು ಕೈ ಅಗಲಿಸಿ, ಮೊಣಕೈ ಮಡಿಸಿ ತಲೆಯ ಹಿಂಭಾಗ ಮುಟ್ಟಬೇಕು. ಫ್ಲೋರೈಡ್ ಊರಿನವರಿಗೆ ಇವು ಆಗದಿದ್ದರೆ ಬರೀ ವಯಸ್ಸಿನ ಬಿಗಿತ ಅಂತ ಬಿಡಬೇಡಿ, ಮೊದಲು ಎಕ್ಸ್‌ರೇ ಮಾಡಿಸಿ. ಅಣ್ಣನಿಗೆ ನಾಣ್ಯ ಎತ್ತಲು ಆಗುತ್ತಿರಲಿಲ್ಲ. ಎಪ್ಪತ್ತು ದಾಟಿದೆ, ಆಗದಿರುವುದು ಸಹಜ ಅಂತ ನಾವೆಲ್ಲ ಇದ್ದೆವು. ಎಕ್ಸ್‌ರೇಯಲ್ಲಿ ಬೆನ್ನು ಸೀಮೆಸುಣ್ಣದ ಹಾಗೆ ಬೆಳ್ಳಗೆ ಕಂಡಿತು. "ಇವರ ಬೆನ್ನಿಗೆ ನಾನು ಕೈ ಹಾಕುವುದಿಲ್ಲ, ದೊಡ್ಡ ಆಸ್ಪತ್ರೆಗೆ ತೋರಿಸಿ" ಅಂತ ಚೀಟಿ ಬರೆದುಕೊಟ್ಟು, ಎರಡನೇ ಭೇಟಿಯ ದುಡ್ಡೂ ತೆಗೆದುಕೊಳ್ಳಲಿಲ್ಲ. ಅವರ ಮೇಲೆ ನನಗೆ ನಂಬಿಕೆ ಬಂದದ್ದು ಆಗ. ಅಣ್ಣ ಅದಕ್ಕೆ ಮುಂಚೆ ಎರಡು ಸಲ ಊರಲ್ಲಿ ಬೆನ್ನ ಮೇಲೆ ಒದೆಸಿಕೊಂಡಿದ್ದ. ಏನೂ ಆಗದೆ ಉಳಿದದ್ದು ಅವನ ಪುಣ್ಯ.

ಹೇಳಬೇಕಾದ ಇನ್ನೊಂದು ವಿಷಯ ಕುರಿ, ದನದ್ದು. ಕಂದು ಹಾಕುವ ರೋಗ ನಿಮ್ಮ ಮಂದೆಯಲ್ಲಿ ಬಂದಿತ್ತಾ? ಕಂದು ಹಾಕಿದ ಕುರಿಯ ಸತ್ತೆ, ಮಾಸನ್ನು ಬರಿಗೈಯಲ್ಲಿ ತೆಗೆದಿದ್ದೀರಾ? ಹಸಿ ಹಾಲು ಕುಡಿಯುವ ಅಭ್ಯಾಸ ಇದೆಯಾ? ಆ ರೋಗ ಮನುಷ್ಯರಿಗೂ ಬರುತ್ತೆ. ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲು ನೋವು, ಸೊಂಟ ನೋವು. ಬೆನ್ನುಮೂಳೆಯಲ್ಲೇ ಕೂರುವುದೂ ಉಂಟು. ಇದಕ್ಕೆ ಬೇಕಾದ್ದು ರಕ್ತ ಪರೀಕ್ಷೆ ಮತ್ತು ಔಷಧಿ, ಟಕ್ ಅನ್ನಿಸುವುದಲ್ಲ. ಹಾಗೇ ಕ್ಷಯ ಬೆನ್ನುಮೂಳೆಗೂ ಬರುತ್ತೆ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ನೋವು ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕ್ಷಯಕ್ಕೆ ಔಷಧಿ ಅಲ್ಲಿ ಬಿಟ್ಟಿ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆದಿರುತ್ತೆ, ಅವರ ಬೆನ್ನಿಗೂ ಜೋರು ಒತ್ತು ಆಗದು.

ಹೊರುವ ಭಾರವನ್ನೂ ಲೆಕ್ಕದಲ್ಲಿ ಹೇಳಿ. "ಕೂಲಿ ಕೆಲಸ" ಅಂದರೆ ಅವರಿಗೆ ತಿಳಿಯುವುದಿಲ್ಲ. ಯೂರಿಯಾ ಮೂಟೆ 2018ರಿಂದ 45 ಕಿಲೋ ಆಗಿದೆ, ಡಿ.ಎ.ಪಿ. ಈಗಲೂ 50. ಔಷಧಿ ಹೊಡೆಯುವ 16 ಲೀಟರ್ ಪಂಪು ತುಂಬಿದರೆ ನೀರೇ 16 ಕಿಲೋ, ಪಂಪು ಸೇರಿ 20ರ ಮೇಲೆ. ದಿನಕ್ಕೆ ಹತ್ತು ಸಲ ತುಂಬುತ್ತೇವೆ ಅಂದಾಗ ಅವರಿಗೆ ಅರ್ಥವಾಯಿತು.

ಟಕ್ ಅನ್ನುವ ಸದ್ದು

ನನ್ನ ಎಕ್ಸ್‌ರೇಯಲ್ಲಿ ಫ್ಲೋರೈಡ್ ಲಕ್ಷಣ ಇರಲಿಲ್ಲ, ಕೆಳಗಿನ ಎರಡು ಮಣಿಗಳ ನಡುವೆ ಸವೆತ ಇತ್ತು. ಹಾಗಾಗಿ ಎರಡನೇ ಭೇಟಿಯಲ್ಲಿ ಮಾಡಿದರು. ಮಗ್ಗುಲಾಗಿ ಮಲಗಿಸಿ, ಮೇಲಿನ ಮಂಡಿ ಮಡಿಸಿ, ಹೆಗಲು ಹಿಡಿದು, ಉಸಿರು ಬಿಡಿ ಅಂದು ಸೊಂಟದ ಹತ್ತಿರ ಒಂದೇ ಸಲ ಚಿಕ್ಕದಾಗಿ ಒತ್ತಿದರು. ಸದ್ದು ಬಂತು, ನೋವಾಗಲಿಲ್ಲ. ಕೆಲವು ಕಡೆ ಮಂಚದ ಹಲಗೆಯೇ ಒತ್ತಿದಾಗ ಸ್ವಲ್ಪ ಕೆಳಗಿಳಿಯುತ್ತೆ, ಇನ್ನು ಕೆಲವರು ಪೆನ್ನಿನಂಥ ಸಾಧನದಲ್ಲಿ ಕುಟ್ಟುತ್ತಾರೆ.

ಆ ಸದ್ದು ಜಾರಿದ ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನೊಳಗಿನ ನೀರಿನಲ್ಲಿ ಗಾಳಿಗುಳ್ಳೆ ಏಳುವ ಸದ್ದು, ಬೆರಳ ನೆಟಿಗೆ ಮುರಿದ ಹಾಗೆ. ಸದ್ದು ಬಂದರೆ ಗುಣ, ಬಾರದಿದ್ದರೆ ಇಲ್ಲ ಅಂತೇನಿಲ್ಲ. ಮಾಡಿಸಿಕೊಂಡ ಮೇಲೆ ಒಂದೆರಡು ದಿನ ಮೈಕೈ ನೋವು ಬರಬಹುದು, ನನಗೂ ಬಂತು.

ಕತ್ತಿನ ಮಾತು ಬೇರೆ. ಕತ್ತನ್ನು ಒಮ್ಮೆಲೆ ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಲಕ್ವ ಹೊಡೆದದ್ದುಂಟು. ಅಪರೂಪ, ಆದರೆ ಆಗುತ್ತೆ. 2024ರಲ್ಲಿ ಬಳ್ಳಾರಿಯ ಒಬ್ಬ ಯುವಕನಿಗೆ ಕ್ಷೌರದಂಗಡಿಯಲ್ಲಿ ಕತ್ತು ಲಟಕ್ ಅನ್ನಿಸಿದ ಮೇಲೆ ಲಕ್ವ ಆಯಿತು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಸೊಂಟಕ್ಕೆ ಅಂತ ಹೋದ ನನಗೆ ಕತ್ತಿಗೂ ಮಾಡೋಣ್ವಾ ಅಂದರು. ಬೇಡ ಅಂದೆ. ಬೇಡ ಅನ್ನುವುದು ನಮ್ಮ ಹಕ್ಕು. ಕ್ಷೌರದಂಗಡಿಯಲ್ಲೂ ಅನ್ನಿ.

ದುಡ್ಡಿನ ಲೆಕ್ಕ

ಮೊದಲ ಭೇಟಿಗೆ ನಾನು ಕೊಟ್ಟದ್ದು ಎರಡು ಸಾವಿರ, ಎಕ್ಸ್‌ರೇ ಬೇರೆ. ಕಡ್ಲೆಕಾಯಿಗೆ 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 6,783 ರೂಪಾಯಿ. ಆ ಬೆಲೆ ಕೈಗೆ ಸಿಕ್ಕಿತು ಅಂತಲೇ ಇಟ್ಟುಕೊಂಡರೂ ಮೂವತ್ತು ಕಿಲೋ ಹತ್ತಿರ ಆಯಿತು. ಅಲ್ಲಿ ಇಪ್ಪತ್ತು ಸಲಕ್ಕೆ ಮುಂಗಡ ಕಟ್ಟಿದರೆ ರಿಯಾಯಿತಿ ಅಂತ ಒಂದು ಹಾಳೆ ತೋರಿಸಿದರು. ಕಟ್ಟಬೇಡಿ. ನಾಲ್ಕಾರು ಸಲದಲ್ಲಿ ಏನೂ ಬದಲಾವಣೆ ಕಾಣದಿದ್ದರೆ ಇಪ್ಪತ್ತು ಸಲದಲ್ಲೂ ಕಾಣುವುದು ಕಷ್ಟ. ನೋವು ಹೋದ ಮೇಲೂ ತಿಂಗಳಿಗೊಮ್ಮೆ ಬರುತ್ತಿರಿ ಅಂದರೆ ಅದೂ ಬೇಡ. ಬೆನ್ನು ಬಿಟ್ಟು ಶುಗರ್, ಅಸ್ತಮಾ ಕೂಡ ಇದರಲ್ಲೇ ವಾಸಿ ಅಂದರೆ ನಮಸ್ಕಾರ ಹೇಳಿ ಬನ್ನಿ.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮಂಥ ಸಣ್ಣ ರೈತರು ಇದಕ್ಕಾಗಿ ಬೆಂಗಳೂರಿಗೆ ಹೋಗಲೇಬೇಕು ಅಂತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗ ಇರುತ್ತೆ. ಅವರು ಪಿ.ಯು.ಸಿ. ವಿಜ್ಞಾನದ ಮೇಲೆ ನಾಲ್ಕೂವರೆ ವರ್ಷ ಓದಿದವರು. ಪ್ರಶ್ನೆ, ಕಾಲೆತ್ತುವ ಪರೀಕ್ಷೆ, ಸುತ್ತಿಗೆ ಎಲ್ಲ ಅಲ್ಲೂ ಅದೇ. ಕೈಯಿಂದ ಕೀಲು ಸಡಿಲಿಸುವುದೂ ಅವರಿಗೆ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೇ ಸೊಂಟ ನೋವಿಗೆ ಏನು ಮಾಡಬೇಕು ಅಂತ ಸಲಹೆ ಹೊರಡಿಸಿತು. ಅದರಲ್ಲಿ ವ್ಯಾಯಾಮ, ತಿಳಿವಳಿಕೆ, ಮಸಾಜ್, ಬೆನ್ನುಮೂಳೆ ಕೈಯಿಂದ ಸಡಿಲಿಸುವುದು ಇವೆಲ್ಲ ಆಗಬಹುದು ಅಂತಿದೆ. ಸೊಂಟದ ಬೆಲ್ಟು, ತೂಕ ಕಟ್ಟಿ ಎಳೆಯುವುದು ಬೇಡ ಅಂತಿದೆ. ನಮ್ಮಲ್ಲಿ ಎಷ್ಟು ಮನೆಯ ಗೂಟದಲ್ಲಿ ಆ ಬೆಲ್ಟು ನೇತಾಡುತ್ತಿದೆಯೋ.

ನನಗೆ ಮೂರು ಭೇಟಿಗೆ ಅರ್ಧ ಹಗುರಾಯಿತು. ಉಳಿದರ್ಧ ಅವರು ಹೇಳಿಕೊಟ್ಟ ವ್ಯಾಯಾಮದಲ್ಲಿ ಹೋಯಿತು ಅನ್ನುವುದು ನನ್ನ ಲೆಕ್ಕ. ಬೆಳಗ್ಗೆ ಎದ್ದ ಕೂಡಲೆ ಚಾಪೆ ಮೇಲೆ ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು ಹತ್ತು ಸಲ, ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು ಹತ್ತು ಸಲ. ಇದು ನನ್ನ ಬೆನ್ನಿಗೆ ಹೇಳಿದ್ದು. ನಿಮ್ಮದಕ್ಕೆ ಬೇರೆ ಇರಬಹುದು, ಕೇಳಿಕೊಂಡು ಮಾಡಿ. ಮಾಮೂಲಿ ಸೊಂಟ ಹಿಡಿತವಾದರೆ ಹೆಚ್ಚಿನವರಿಗೆ ಆರು ವಾರದೊಳಗೆ ತಾನಾಗಿ ಇಳಿಯುತ್ತೆ. ಒಂದೆರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯಬಾರದು, ಓಡಾಡುತ್ತಾ ಇರಬೇಕು.

ಹೋಗಿ ಬರುವ ದಾರಿ

ಪಾವಗಡದಿಂದ ಬೆಂಗಳೂರು ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಹಿಂದಿನ ಸೀಟಿನಲ್ಲಿ ಕೂತರೆ ಹೋಗಿ ಮಾಡಿಸಿಕೊಂಡದ್ದೆಲ್ಲ ಬರುವಾಗ ಹೋಗುತ್ತೆ. ನಡುವಿನ ಸೀಟು ಹಿಡಿಯಿರಿ, ಅಲ್ಲಿ ಕುಲುಕಾಟ ಕಮ್ಮಿ. ಸೊಂಟದ ಹಿಂದೆ ಟವಲು ಸುತ್ತಿ ಇಟ್ಟುಕೊಳ್ಳಿ. ಹಳೇ ಎಕ್ಸ್‌ರೇ, ನುಂಗುತ್ತಿರುವ ಮಾತ್ರೆಯ ಹಾಳೆ, ಆಗಿದ್ದರೆ ನೀರಿನ ಪರೀಕ್ಷೆಯ ಚೀಟಿ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಆದರೆ ಅವತ್ತೇ ವಾಪಸ್ ಹೊರಡಬೇಡಿ, ನೆಂಟರ ಮನೆಯಲ್ಲಿ ಒಂದು ರಾತ್ರಿ ಇದ್ದು ಬನ್ನಿ. ಮಧುಗಿರಿಯಲ್ಲಿ ಬಸ್ಸು ನಿಂತಾಗ ಇಳಿದು ನಾಲ್ಕು ಹೆಜ್ಜೆ ಓಡಾಡಿ. ಊರಿಗೆ ಬಂದ ಮಾರನೇ ದಿನವೇ ಪಂಪು ಬೆನ್ನಿಗೇರಿಸದೆ, ಎರಡು ಮೂರು ದಿನ ಬಿಟ್ಟು ಅರ್ಧ ಪಂಪು ನೀರಿನಿಂದ ಶುರು ಮಾಡಿ.